ಕೊನೆಯ ರಾತ್ರಿಯ ಲೆಕ್ಕ

ಡಿಸೆಂಬರ್ ಮೂವತ್ತೊಂದರ ರಾತ್ರಿ ಬೆಂಗಳೂರಿನಲ್ಲಿ ಎರಡು ಬಗೆಯ ಜನ ಎಚ್ಚರವಾಗಿರುತ್ತಾರೆ. ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಸೇರುವವರು ಮೊದಲನೆಯ ಬಗೆ. ಅವರ ಸುದ್ದಿಯೂ ಚಿತ್ರವೂ ಮರುದಿನದ ಪತ್ರಿಕೆಯಲ್ಲಿ ತಪ್ಪದೆ ಬರುತ್ತವೆ. ಎರಡನೆಯವರ ಚಿತ್ರ ಬರುವುದು ಅಪರೂಪ. ಇವರು ಸ್ವೆಟರು, ಶಾಲು ಹೊದ್ದು, ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು, ಕಾರ್ಪೊರೇಷನ್ ಕಚೇರಿಯ ಹತ್ತಿರದ ಹಡ್ಸನ್ ಸ್ಮಾರಕ ದೇವಾಲಯಕ್ಕೋ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯಕ್ಕೋ ಬ್ರಿಯಾಂಡ್ ಚೌಕದ ಸಂತ ಜೋಸೆಫರ ದೇವಾಲಯಕ್ಕೋ ನಡೆದು ಹೋಗುವವರು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಎಂದರೆ ರಾಮೋತ್ಸವದ ಸಂಗೀತ, ಕಡಲೆಕಾಯಿ ಪರಿಷೆ, ಕಾಡು ಮಲ್ಲೇಶ್ವರನ ಗುಡಿ ಎಂದಷ್ಟೇ ನೆನೆಯುವುದು ನಮಗೆ ರೂಢಿ. ಇದೇ ಬೀದಿಗಳಲ್ಲಿ ಕನ್ನಡದಲ್ಲೇ ಪ್ರಾರ್ಥಿಸಿ ಕನ್ನಡದಲ್ಲೇ ಹಾಡಿಕೊಂಡು ಬಂದ ಕ್ರೈಸ್ತ ಮನೆಗಳೂ ತಲೆಮಾರುಗಳಿಂದ ಇವೆ.

ಈ ರಾತ್ರಿಯ ಆರಾಧನೆಗೆ ಅವರು ಬಳಸುವ ಹೆಸರು ಇಂಗ್ಲಿಷಿನದೇ, ವಾಚ್ ನೈಟ್ ಎಂದು. ಅದರ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಪಕ್ಕದ ಕಿಂಗ್ಸ್‌ವುಡ್ ಎಂಬಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳಿದ್ದರು. ಶನಿವಾರ ಕೂಲಿ ಕೈಗೆ ಬಂತೆಂದರೆ ರಾತ್ರಿಯೆಲ್ಲ ಹೆಂಡದಂಗಡಿಯಲ್ಲಿ. ಜಾನ್ ವೆಸ್ಲಿಯ ಬೋಧನೆ ಕೇಳಿ ಮನಸ್ಸು ಬದಲಾದ ಮೇಲೂ ಅವರಿಗೆ ರಾತ್ರಿ ಎಚ್ಚರವಿರುವ ಅಭ್ಯಾಸ ಹೋಗಲಿಲ್ಲ. ಹಾಗಾದರೆ ಅದೇ ಹೊತ್ತನ್ನು ಪ್ರಾರ್ಥನೆಯಲ್ಲಿ ಕಳೆಯೋಣವೆಂದರು. 1740ರ ದಶಕದ ಆರಂಭದಲ್ಲಿ ಈ ಪದ್ಧತಿ ವೆಸ್ಲಿಯ ಸಭೆಗಳಿಗೆ ಹಬ್ಬಿತು. ಕಾಲಕ್ರಮದಲ್ಲಿ ಅದು ವರ್ಷದ ಕೊನೆಯ ರಾತ್ರಿಗೆ ಬಂದು ನೆಲೆನಿಂತಿತು. ವೆಸ್ಲಿ 1755ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಇನ್ನೊಂದು ಆರಾಧನೆಯನ್ನೂ ಆರಂಭಿಸಿದ. ದೇವರು ನನ್ನನ್ನು ಕೆಲಸಕ್ಕೆ ಹಚ್ಚಲಿ, ಹಚ್ಚದಿರಲಿ, ನಾನು ಅವನವನೇ ಎಂದು ಒಪ್ಪಂದ ಮಾಡಿಕೊಳ್ಳುವ ಆರಾಧನೆ ಅದು. ಈಗ ಹೊಸ ವರ್ಷದ ಮೊದಲ ಭಾನುವಾರ ನಡೆಯುತ್ತದೆ. ಕೊನೆಯ ರಾತ್ರಿ ಲೆಕ್ಕ ಚುಕ್ತಾ, ಮೊದಲ ಭಾನುವಾರ ಹೊಸ ಕರಾರು ಎಂದಿಟ್ಟುಕೊಳ್ಳಿ.

ಮೈಸೂರು ಸೀಮೆಗೆ ಇವೆಲ್ಲವನ್ನೂ ತಂದವರು ವೆಸ್ಲಿಯನ್ ಮಿಷನ್ನಿನವರು. ಆ ಮಿಷನ್ನಿನ ಜೊಸಾಯ ಹಡ್ಸನ್ ಕನ್ನಡ ಶಾಲೆಗಳಿಗಾಗಿ ದುಡಿದವರು. 1904ರ ಆ ಕಲ್ಲಿನ ದೇವಾಲಯಕ್ಕೆ ಅವರ ಹೆಸರಿದೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು, ಐವತ್ತು ವರ್ಷ ದುಡಿದು, 1887ರಲ್ಲಿ ತೀರಿಕೊಂಡರು. ಇಲ್ಲೇ ಹುಟ್ಟಿದ ಅವರ ಮಗ ಲೂಯಿಸ್ ರೈಸ್ ನಮ್ಮ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಮಾಡಿಸಿದವರು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. 1947ರ ಸೆಪ್ಟೆಂಬರ್ 27ರಂದು ಈ ಬೇರೆ ಬೇರೆ ಮಿಷನ್ನುಗಳ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಕಥೋಲಿಕರಲ್ಲಿಯೂ ವರ್ಷದ ಕೊನೆಯ ದಿನ 'ತೆ ದೇಉಮ್' ಎಂಬ ಪ್ರಾಚೀನ ಲ್ಯಾಟಿನ್ ಸ್ತೋತ್ರ ಹಾಡಿ ಉಪಕಾರ ಸಲ್ಲಿಸುವ ವಾಡಿಕೆಯಿದೆ. ಹೆಸರು ಬೇರೆ, ಕ್ರಮ ಬೇರೆ. ಹೋದ ವರ್ಷವನ್ನು ಹಿಡಿದು ನಿಲ್ಲಿಸಿ ನೋಡುವ ಕೆಲಸ ಒಂದೇ.

ನೋಡಿ ಏನು ಮಾಡುವುದು? ಕೃತಜ್ಞತೆ ಸಲ್ಲಿಸುವುದು. ಈ ಪದವನ್ನು ವಿದ್ಯಾರ್ಥಿಗಳು ಒಮ್ಮೆ ಬಿಡಿಸಿ ನೋಡಬೇಕು. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಅರಿತವನು. ತನಗಾಗಿ ಮಾಡಿದ್ದನ್ನು ಅರಿತವನು ಕೃತಜ್ಞ. ಒಂದಕ್ಷರ ಬದಲಾದರೆ ಕೃತಘ್ನ, ಮಾಡಿದ್ದನ್ನು ಕೊಂದವನು. ಅಂದರೆ ನಮ್ಮ ಭಾಷೆಯಲ್ಲಿ ಕೃತಜ್ಞತೆ ಮೊದಲು ಅರಿವಿನ ಮಾತು, ಆಮೇಲೆ ಸಂತೋಷದ ಮಾತು. ಹಳಬರು 'ಉಪಕಾರ ಸ್ಮರಣೆ' ಎನ್ನುತ್ತಿದ್ದುದೂ ಇದನ್ನೇ. 103ನೆಯ ಕೀರ್ತನೆಯ ಕವಿಗೂ ಇದೇ ಚಿಂತೆ. ದೇವರು ಮಾಡಿದ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡವೆಂದು ಅವನು ಬೇರೆಯವರಿಗಿಂತ ಮೊದಲು ತನ್ನ ಮನಸ್ಸಿಗೇ ತಾಕೀತು ಮಾಡುತ್ತಾನೆ. ಮನಸ್ಸು ಮರೆಯುವ ಜಾತಿಯದೆಂದು ಅವನಿಗೆ ಗೊತ್ತಿತ್ತು.

ಬೆಳೆ ಚೆನ್ನಾಗಿ ಬಂದ ವರ್ಷ ಇದು ಕಷ್ಟವಲ್ಲ. ಬಸವನಗುಡಿಯ ದೊಡ್ಡ ಬಸವನಿಗೆ ಕಾರ್ತಿಕದ ಕೊನೆಯ ಸೋಮವಾರ ಸುತ್ತಲಿನ ರೈತರು ಹೊಸ ಕಡಲೆಕಾಯಿ ತಂದು ಒಪ್ಪಿಸುತ್ತಾರೆ. ಕನ್ನಡ ಸಭೆಗಳಲ್ಲೂ ಸುಗ್ಗಿ ಹಬ್ಬವೆಂದು ಕುಂಬಳಕಾಯಿ, ಬಾಳೆಗೊನೆ, ಕೋಳಿ, ಮೊಟ್ಟೆ ತಂದು ದೇವರ ಮುಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ನಡೆಯುತ್ತದೆ. ಹತ್ತು ರೂಪಾಯಿಯ ನಿಂಬೆಹಣ್ಣು ಐನೂರಕ್ಕೆ ಹೋಗುವುದನ್ನು ನೋಡುವುದೇ ಮಕ್ಕಳಿಗೆ ಒಂದು ಹಬ್ಬ. ಬೆಳೆ ಕೈಕೊಟ್ಟ ವರ್ಷ ಏನು ತಂದಿಡಬೇಕು ಎಂಬುದು ಕಷ್ಟದ ಪ್ರಶ್ನೆ.

ಈ ಬಡಾವಣೆಗಳಿಗೆ ಆ ಪ್ರಶ್ನೆ ಹೊಸದಲ್ಲ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಇಕ್ಕಟ್ಟಾದ ಪೇಟೆಯ ಮನೆಗಳಲ್ಲಿ ಇಲಿ ಬಿದ್ದರೆ ಜನ ಮನೆ ಬಿಟ್ಟು ಬಯಲಿಗೆ ಓಡಿದರು. ಅದರ ಬೆನ್ನಿಗೇ ಅಗಲ ರಸ್ತೆ, ಗಾಳಿ ಬೆಳಕಿನ ನಿವೇಶನಗಳೆಂದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಇಂದು ನಾವು ಹೊಗಳುವ ಆ ನೆರಳಿನ ಸಾಲುಮರಗಳ ಬೇರು ಒಂದು ಕೆಟ್ಟ ವರ್ಷದಲ್ಲಿದೆ.

ಪ್ಲೇಗಿನ ಮಾತು ಬಂದದ್ದಕ್ಕೆ ಇನ್ನೊಂದು ಊರಿನ ಸಂಗತಿ. ಜರ್ಮನಿಯ ಸ್ಯಾಕ್ಸನಿಯಲ್ಲಿ ಐಲೆನ್‌ಬುರ್ಗ್ ಎಂಬ ಕೋಟೆಯೂರು. ಮೂವತ್ತು ವರ್ಷದ ಯುದ್ಧದ ಕಾಲ. ಮಾರ್ಟಿನ್ ರಿಂಕಾರ್ಟ್ ಅಲ್ಲಿನ ಪಾದ್ರಿ. 1637ರಲ್ಲಿ ಊರಿಗೆ ಪ್ಲೇಗು ಬಂದಾಗ ಉಳಿದ ಪಾದ್ರಿಗಳಲ್ಲಿ ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ಈತನೊಬ್ಬನೇ ಆ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಹೆಣಗಳಿಗೆ ಸಂಸ್ಕಾರ ಮಾಡಿದ ಎನ್ನುತ್ತಾರೆ. ಅದರಲ್ಲಿ ಒಂದು ಅವನ ಹೆಂಡತಿಯದು. ಪ್ರಪಂಚದ ಸಭೆಗಳೆಲ್ಲ ಇಂದಿಗೂ ಹಾಡುವ 'ನುನ್ ದಾಂಕೆತ್ ಅಲ್ಲೆ ಗಾಟ್' ಎಂಬ ಕೃತಜ್ಞತೆಯ ಗೀತೆ ಇವನದೇ. ಹೆಣ ಹೂತು ಬಂದು ಅದೇ ಕೈಯಲ್ಲಿ ಹಾಡು ಬರೆದ ಎಂದು ಬೋಧಕರು ಕೆಲವೊಮ್ಮೆ ಕಥೆ ಕಟ್ಟುವುದುಂಟು. ಹಾಡು ಅದಕ್ಕೆ ಮುಂಚಿನದು, 1636ರ ಸುಮಾರಿನದು. ಮನೆಯ ಮಕ್ಕಳು ಊಟಕ್ಕೆ ಕೂತಾಗ ಹೇಳಿಕೊಳ್ಳಲೆಂದು ಬರೆದದ್ದೆಂಬ ಮಾತೂ ಇದೆ. ಹಾಗಿದ್ದರೆ ಕಥೆ ಸಪ್ಪೆಯಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ತಾಯಿ ಕೂರುವ ಜಾಗ ಖಾಲಿಯಾದ ಮೇಲೂ ಆ ಮಕ್ಕಳು ಅದೇ ಹಾಡನ್ನು ಹೇಳಬೇಕಾಗಿತ್ತಲ್ಲವೇ?

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯ ಮನೆಗೆ ಈ ಪ್ರಶ್ನೆ ಬಂದದ್ದು 2021ರ ಕೊನೆಯ ರಾತ್ರಿ.

ಆ ಮನೆಯ ಯಜಮಾನರು ಅದೇ ಪೇಟೆಯ ಅಚ್ಚುಕೂಟವೊಂದರಲ್ಲಿ ಮೊಳೆ ಜೋಡಿಸುತ್ತಿದ್ದವರು. ಅವರ ಹೆಂಡತಿ ಮಿಷನ್ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. 1968ರಲ್ಲಿ ಮದುವೆಯಾದ ವರ್ಷ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದವನ್ನೆಲ್ಲ ಹೊಲಿದು ಯಜಮಾನರು ಒಂದು ಪುಸ್ತಕ ಮಾಡಿದರು. ಪ್ರತಿ ವರ್ಷ ಡಿಸೆಂಬರ್ 31ರಂದು ಆರಾಧನೆಗೆ ಹೊರಡುವ ಮುಂಚೆ ಅದರಲ್ಲಿ ಒಂದು ಪುಟ ಬರೆಯುವರು. ಆ ವರ್ಷ ದೇವರಿಗೆ ಯಾವುದಕ್ಕೆ ಸ್ತೋತ್ರ ಹೇಳಬೇಕೋ ಅದು. ಹತ್ತು ಸಾಲು, ಹೆಚ್ಚೆಂದರೆ ಹನ್ನೆರಡು. ಒಂದೊಂದು ಅಕ್ಷರವನ್ನೂ ಕೈಯಾರೆ ಹೆಕ್ಕಿ ಜೋಡಿಸಿದವರಿಗೆ ಮಾತು ದುಂದು ಮಾಡಲು ಮನಸ್ಸು ಬಾರದು.

ಹಾಗಾಗಿ ಆ ಪುಸ್ತಕದಲ್ಲಿ ಭಕ್ತಿಯ ದೊಡ್ಡ ಮಾತುಗಳಿಲ್ಲ. 1991ರ ಪುಟದಲ್ಲಿ ಹೀಗಿದೆ: 'ಕಾವೇರಿ ಗಲಾಟೆ. ಕರ್ಫ್ಯೂ. ಪ್ರೆಸ್ಸಿನ ತಮಿಳು ಬೈಂಡರ್ ಎರಡು ರಾತ್ರಿ ನಮ್ಮಲ್ಲಿದ್ದ. ಅವನ ಮನೆಗೇನೂ ಆಗಲಿಲ್ಲ.' ಆಫ್‌ಸೆಟ್ ಬಂದು ಮೊಳೆಗೆ ಬೆಲೆ ಹೋದ ವರ್ಷದ ಸಾಲು: 'ಟ್ರೆಡಲ್ ಮಾರಿದರು. ಕೆಲಸ ಹೋಯಿತು. ಮಿಂಟೋದಲ್ಲಿ ಕಣ್ಣಿನ ಪೊರೆ ತೆಗೆದರು, ಚೆನ್ನಾಗಿ ಕಾಣುತ್ತಿದೆ.' 2000ನೆಯ ಇಸವಿಯಲ್ಲಿ ಮನೆಯ ಸಂಗತಿಗಳ ನಡುವೆ 'ರಾಜ್‌ಕುಮಾರ್ ಕ್ಷೇಮವಾಗಿ ವಾಪಸು ಬಂದರು' ಎಂದೂ ಇದೆ. ನೂರೆಂಟು ದಿನ ಊರಿಗೆ ಊರೇ ಕಾದಿತ್ತು. ಅದನ್ನು ದೇವರ ಲೆಕ್ಕಕ್ಕೆ ಸೇರಿಸದಿದ್ದರೆ ಹೇಗೆ?

ಐವತ್ತಮೂರು ಪುಟ ತುಂಬಿದ ಮೇಲೆ, 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ ಯಜಮಾನರು ಹೋದರು. ಏಪ್ರಿಲ್ 27ರಿಂದ ರಾಜ್ಯವೇ ಮುಚ್ಚಿತ್ತು. ದೇವಾಲಯದ ಬಾಗಿಲು ತೆರೆಯುವಂತಿರಲಿಲ್ಲ, ಹಾಡುವವರಿರಲಿಲ್ಲ. ಹೊಸೂರು ರಸ್ತೆಯ ಸಮಾಧಿ ಭೂಮಿಗೆ ಮನೆಯಿಂದ ಹೋದವರು ಮಗ ಮತ್ತು ಮೊಮ್ಮಗ, ಇಬ್ಬರೇ. ಅಜ್ಜಿಗೂ ಸೋಂಕು ಇದ್ದುದರಿಂದ ಅವರು ಕಿಟಕಿಯಲ್ಲಿ ನಿಂತು ಆಂಬುಲೆನ್ಸು ತಿರುವು ದಾಟುವುದನ್ನು ನೋಡಿದರು, ಅಷ್ಟೆ.

ಮೊಮ್ಮಗ ಆಗ ಎಸ್ಸೆಸ್ಸೆಲ್ಸಿ. ಆ ವರ್ಷದ ಪರೀಕ್ಷೆ ಹೇಗಿತ್ತೆಂದು ತಂದೆತಾಯಿಗಳಿಗೆ ನೆನಪಿರಬಹುದು. ಜುಲೈ 19 ಮತ್ತು 22, ಎರಡೇ ದಿನ. ಬರೆಯುವುದೇನೂ ಇಲ್ಲ, ಸರಿಯುತ್ತರಕ್ಕೆ ಗುರುತು ಹಾಕುವುದು. ಆಗಸ್ಟಿನಲ್ಲಿ ಫಲಿತಾಂಶ ಬಂದಾಗ ನೂರಕ್ಕೆ 99.9 ಮಂದಿ ಪಾಸು.

ಡಿಸೆಂಬರಿನಲ್ಲಿ ಮತ್ತೆ ಹೊಸ ತಳಿಯ ಭಯ ಬಂತು. 28ರಿಂದ ರಾತ್ರಿ ಹತ್ತಕ್ಕೆ ಕರ್ಫ್ಯೂ. ನಡುರಾತ್ರಿಯ ಆರಾಧನೆಗೆ ಅವಕಾಶವಿಲ್ಲದೆ ಅವರ ಸಭೆಯಲ್ಲಿ ಸಂಜೆಯೇ ಮುಗಿಸಿದರು. ಒಂಬತ್ತಕ್ಕೆಲ್ಲ ಮನೆಗೆ ಬಂದು ಊಟ ಮಾಡಿ ಕೂತಾಗ ಅಜ್ಜಿ ಬೀರುವಿನಿಂದ ಪುಸ್ತಕ ತೆಗೆದು ಮೊಮ್ಮಗನ ಮುಂದಿಟ್ಟರು.

"ಈ ಸಲ ನೀನು ಬರಿ, ಪುಟ್ಟ. ನನ್ನ ಕೈ ನಡುಗುತ್ತೆ."

"ಏನಂತ ಬರೀಲಿ ಅಜ್ಜಿ?"

"ನೀನು ಪಾಸಾದದ್ದು ಬರಿ, ಮೊದಲು."

"ಎಲ್ಲಾರೂ ಪಾಸು. ಅದಕ್ಕೇನು ಸ್ತೋತ್ರ? ಮುಖ್ಯಮಂತ್ರಿಗಳಿಗೆ ಹೇಳ್ಬೇಕು."

ತಾಯಿ ಗದರಿದರು. ಅಜ್ಜಿಗೆ ನಗು ಬಂತು. ಹುಡುಗನಿಗೆ ನಗು ಬರಲಿಲ್ಲ. "ತಾತ ಹೋದ್ರು. ಅದಕ್ಕೂ ಥ್ಯಾಂಕ್ಸ್ ಹೇಳ್ಬೇಕಾ? ಎಲ್ಲದಕ್ಕೂ ಸ್ತೋತ್ರ ಅಂತ ಇವತ್ತು ಚರ್ಚಲ್ಲಿ ಹಾಡಿದ್ರಲ್ಲ, ನಂಗೆ ಬಾಯಿ ಬರ್ಲಿಲ್ಲ" ಎಂದ.

ಇಂಥ ಮಾತಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಸಿದ್ಧವಿರುತ್ತವೆ. ಹಾಗೆಲ್ಲ ಮಾತಾಡಬಾರದು ಎಂಬುದು ಒಂದು. ಎಲ್ಲಾ ಒಳ್ಳೆಯದಕ್ಕೇ ಎಂಬುದು ಇನ್ನೊಂದು. ಎರಡೂ ಮಕ್ಕಳ ಬಾಯಿ ಮುಚ್ಚಿಸುತ್ತವೆಯೇ ಹೊರತು ಅವರ ಪ್ರಶ್ನೆಯನ್ನು ಮುಟ್ಟುವುದಿಲ್ಲ. ನೂರೈವತ್ತು ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲು ಅಳಲಿನವು. ದೇವರೇ ಎಲ್ಲಿದ್ದೀಯೆ, ಯಾಕೆ ಮುಖ ಮರೆಸಿಕೊಂಡೆ ಎಂದು ನೇರವಾಗಿ ಕೇಳುವಂಥವು. ಸ್ತುತಿಯ ಪುಸ್ತಕದಲ್ಲೇ ದೂರಿಗೂ ಅಷ್ಟು ಜಾಗವಿರುವಾಗ ಮನೆಯ ಮಕ್ಕಳಿಗೆ ಯಾಕಿರಬಾರದು?

ಅಜ್ಜಿ ಆ ಎರಡೂ ಉತ್ತರ ಹೇಳಲಿಲ್ಲ. ಕನ್ನಡದ ಟೀಚರು ತಾನೆ, ವ್ಯಾಕರಣಕ್ಕೆ ಹೋದರು.

"ಎಲ್ಲದಕ್ಕೂ, ಇದು ಯಾವ ವಿಭಕ್ತಿ?"

"ಚತುರ್ಥಿ."

"ಎಲ್ಲದರಲ್ಲೂ?"

"ಸಪ್ತಮಿ."

"ಥೆಸಲೊನೀಕದವರಿಗೆ ಪೌಲ ಬರೆದದ್ದು ಸಪ್ತಮಿಯಲ್ಲಿ. ಏನೇ ಬಂದ್ರೂ ಅದರೊಳಗಿದ್ದುಕೊಂಡೇ ಸ್ತೋತ್ರ ಮಾಡಿ ಅಂತ. ನಿಮ್ಮ ತಾತ ಹೋದದ್ದಕ್ಕೆ ಸ್ತೋತ್ರ ಅಂತ ನಾನೂ ಹೇಳೋಲ್ಲ. ಹೇಳಿದ್ರೆ ಸುಳ್ಳಾಗುತ್ತೆ. ದೇವರ ಮುಂದೆ ಸುಳ್ಳು ಯಾಕೆ ಹೇಳ್ಬೇಕು?"

ಹುಡುಗ ಚುರುಕು. ಎದ್ದು ಹೋಗಿ ಬೈಬಲ್ ತಂದು ಪುಟ ತಿರುವಿದ. ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ತೋರಿಸಿ, "ಇಲ್ಲಿ ಎಲ್ಲದಕ್ಕೋಸ್ಕರ ಅಂತಾನೇ ಇದೆಯಲ್ಲ ಅಜ್ಜಿ, ಇದು ಚತುರ್ಥಿನೇ" ಎಂದ.

ಅಜ್ಜಿ ಕನ್ನಡಕ ಏರಿಸಿ ಓದಿದರು. "ಹೂಂ, ಬರೆದಿದ್ದಾನೆ. ಜೈಲಲ್ಲಿ ಕೂತು ಬರೆದಿದ್ದಾನೆ, ಅಲ್ಲಿಗೆ ಹೋಗಿ ಮುಟ್ಟಿದ್ದ ಅವನು. ನಾನಿನ್ನೂ ಸಪ್ತಮಿಯಲ್ಲೇ ಇದೀನಿ" ಎಂದರು.

ಮತ್ತೆ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಹಿಂದಕ್ಕೆ ತಿರುಗಿಸಿ 1974ರ ಪುಟ ತೆಗೆದರು. ಅದು ಅವರ ಮೊದಲ ಮಗಳು ಮೂರು ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡ ವರ್ಷ. ಆ ಮಗು ಇತ್ತೆಂಬುದು ಹುಡುಗನಿಗೆ ಗೊತ್ತಿತ್ತು, ಇಸವಿ ಗೊತ್ತಿರಲಿಲ್ಲ. ಪುಟದ ಮೇಲೆ 'ಡಿಸೆಂಬರ್ 31' ಎಂದು ತಾರೀಖು, ಅದರ ಕೆಳಗೆ ಅರ್ಧ ಪುಟ ಖಾಲಿ. ಆಮೇಲೆ ಬೇರೆ ಶಾಯಿಯಲ್ಲಿ, 'ಮಾರ್ಚ್ 9' ಎಂದು ಹಾಕಿ, ಎರಡು ಸಾಲು: 'ಹಿಂದಿನ ಮನೆ ಮೇಷ್ಟ್ರ ಮನೆಯಿಂದ ಹದಿಮೂರು ದಿನ ಊಟ ಬಂತು. ಅದನ್ನು ಆಗ ಬರೆಯಲಾಗಲಿಲ್ಲ.'

"ಮೂರು ತಿಂಗಳು ಬೇಕಾಯ್ತು ಅವರಿಗೆ. ನಿನಗೂ ಆಗಲ್ಲ ಅಂದ್ರೆ ತಾರೀಖು ಹಾಕಿ ಬಿಟ್ಟುಬಿಡು. ಜಾಗ ಇರಲಿ."

ಆ ಮೇಷ್ಟ್ರು ಸ್ಮಾರ್ತರು. ಈಗಿಲ್ಲ. ಅವರ ಮನೆಯಿಂದ ಸಂಕ್ರಾಂತಿಗೆ ಎಳ್ಳು, ಯುಗಾದಿಗೆ ಬೇವುಬೆಲ್ಲ ಬರುತ್ತಿತ್ತು, ಇವರ ಮನೆಯಿಂದ ಕ್ರಿಸ್‌ಮಸ್ಸಿಗೆ ಕಜ್ಜಾಯ, ಕಲ್‌ಕಲ್ ಹೋಗುತ್ತಿತ್ತು. ಮೊಟ್ಟೆ ಹಾಕದೆ ಮಾಡಿದ್ದು ಎಂದು ಪ್ರತಿ ವರ್ಷವೂ ಹೇಳಿ ಕೊಡಬೇಕಾಗಿತ್ತು, ಪ್ರತಿ ವರ್ಷವೂ ಅವರು ಗೊತ್ತು ಎನ್ನುತ್ತಿದ್ದರು. ಲೂಕನ ಸುವಾರ್ತೆಯಲ್ಲಿ ವಾಸಿಯಾದ ಹತ್ತು ಮಂದಿ ಕುಷ್ಠರೋಗಿಗಳ ಕಥೆಯಿದೆ. ಉಪಕಾರ ಹೇಳಲು ತಿರುಗಿ ಬಂದವನು ಒಬ್ಬನೇ, ಅವನೂ ಬೇರೆ ಪಂಗಡದ ಸಮಾರ್ಯದವನು. ಉಳಿದ ಒಂಬತ್ತು ಮಂದಿಯನ್ನು ಬೈಯುವುದು ಬೋಧಕರಿಗೆ ಪ್ರಿಯ. ಅವರಲ್ಲಿ ಒಬ್ಬಿಬ್ಬರಾದರೂ ಮೂರು ತಿಂಗಳು ಬಿಟ್ಟು ಬಂದಿರಬಹುದು, ಅಷ್ಟರಲ್ಲಿ ಸುವಾರ್ತೆ ಮುಂದಿನ ಊರಿಗೆ ಹೋಗಿತ್ತು, ಯಾರು ಕಂಡರು?

ಹುಡುಗ ಪೆನ್ನು ತೆಗೆದುಕೊಂಡ. ಅಜ್ಜಿ ಹೇಳುತ್ತ ಹೋದರು. ತಮಗೆ ಬಂದದ್ದು ವಾಸಿಯಾಯಿತು. ಆಮ್ಲಜನಕದ ಸಿಲಿಂಡರು ಎರಡನೆಯ ದಿನ ಸಿಕ್ಕಿತು, ಮೊದಲ ದಿನ ಸಿಗಲಿಲ್ಲ. ಸಿಗಲಿಲ್ಲವೆಂಬುದನ್ನೂ ಬರೆಸಿದರು. ಮಗನ ಸಂಬಳ ಅರ್ಧವಾದರೂ ನಿಲ್ಲಲಿಲ್ಲ. ಸಭಾಪಾಲಕರು ದಿನಾ ರಾತ್ರಿ ಎಂಟಕ್ಕೆ ಫೋನಿನಲ್ಲೇ ಪ್ರಾರ್ಥನೆ ಮಾಡಿದರು. ಸೊಪ್ಪಿನವಳು ದುಡ್ಡು ಕೇಳದೆ ಗೇಟಿಗೆ ಸೊಪ್ಪು ಸಿಕ್ಕಿಸಿ ಹೋಗುತ್ತಿದ್ದಳು. ಹೀಗೆ ಒಂಬತ್ತು ಸಾಲಾಯಿತು. ಹುಡುಗನ ಪಾಸು ಆರನೆಯ ಸಾಲಿಗೆ ಬಂತು, ಅವನು ತಕರಾರು ಮಾಡಲಿಲ್ಲ.

ಹತ್ತನೆಯದನ್ನು ಅಜ್ಜಿ ಹೇಳಲಿಲ್ಲ. ಅವನೇ ಬರೆದ. ಬರೆದು ಪುಸ್ತಕವನ್ನು ಅವರ ಕಡೆ ತಳ್ಳಿದ.

'ಹೊಸೂರು ರೋಡಲ್ಲಿ ತಾತನ್ನ ಇಳಿಸಿದ ನಾಲ್ಕು ಜನ. ಬಿಳಿ ಬಟ್ಟೆಯೊಳಗೆ ಮುಖ ಕಾಣಿಸಲಿಲ್ಲ. ಒಬ್ಬ ನನ್ನ ಭುಜ ಹಿಡಿದುಕೊಂಡಿದ್ದ. ಹೆಸರು ಕೇಳಲಿಲ್ಲ.'

ಅಜ್ಜಿ ಅದನ್ನು ಎರಡು ಸಲ ಓದಿದರು. ಕಿಟಕಿಯಿಂದ ತಾವು ಕಾಣದೆ ಉಳಿದ ಭಾಗ ಅದು. "ಇದನ್ನ ಮೊದಲನೇ ಸಾಲಿಗೆ ಹಾಕ್ಬೇಕಾಗಿತ್ತಲ್ಲೋ" ಎಂದರು.

"ಆಗ್ಲೇ ಬರೆದಾಯ್ತಲ್ಲ ಅಜ್ಜಿ, ಪೆನ್ನಲ್ಲಿ."

"ನಿಮ್ಮ ತಾತ ಇದ್ದಿದ್ರೆ ಸಾಲು ಸಾಲೇ ಎತ್ತಿ ಮೇಲಿಡ್ತಿದ್ರು" ಎಂದು ಅಜ್ಜಿ ಪುಸ್ತಕ ಮುಚ್ಚಿದರು. ಹುಡುಗ ಅದನ್ನು ಮತ್ತೆ ತೆಗೆದು, ಹತ್ತನೆಯ ಸಾಲಿನಿಂದ ಪುಟದ ತಲೆಯವರೆಗೆ ಒಂದು ಬಾಣದ ಗುರುತು ಎಳೆದ.